ಸಪೋರ್ಟ್ ಬಬಲ್‌ಗೆ ‘ಹೊಕ್ಕುಬಳಕೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಇನ್ನೊಬ್ಬರ ಮನೆಯೊಳಗೆ ಸಲೀಸಾಗಿ ಹೋಗಿಬರುವ ಸಲಿಗೆಗೆ ನಮ್ಮ ಕಡೆ ಅನ್ನುವ ‘ಹೊಕ್ಕುಬಳಕೆ’ ಪದದ ಬಗ್ಗೆ ಒಂದು ಪ್ರಶ್ನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಇದ್ದರೆ ದಯವಿಟ್ಟು ಹೇಳಿ.

ಕೊರೊನಾ ಬಂದಾಗ ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬನೇ ಇದ್ದೆ. ಆ ದಿನಗಳ ಬಗ್ಗೆ ಈಗ ಬರೆಯುತ್ತಿದ್ದೇನೆ. 2020ರ ಮಾರ್ಚ್ 23ಕ್ಕೆ ಅಲ್ಲಿ ಲಾಕ್‌ಡೌನ್ ಆಯಿತು. ದಿನಸಿ, ಔಷಧಿ, ದಿನಕ್ಕೊಂದು ಸಲ ವಾಕಿಂಗ್, ಇಂಥವಕ್ಕೆ ಬಿಟ್ಟರೆ ಹೊರಗೆ ಹೋಗುವ ಹಾಗಿರಲಿಲ್ಲ. ಜೂನ್ 13ರಿಂದ ‘ಸಪೋರ್ಟ್ ಬಬಲ್’ ಅಂತ ಒಂದು ಸಡಿಲಿಕೆ ಕೊಟ್ಟರು. ಒಂಟಿಯಾಗಿ ಇರುವವರು, ಇಲ್ಲವೇ 18 ವರ್ಷದೊಳಗಿನ ಮಕ್ಕಳ ಜೊತೆ ಒಬ್ಬರೇ ಇರುವ ತಾಯಿ ಅಥವಾ ತಂದೆ, ಇನ್ನೊಂದೇ ಒಂದು ಮನೆಯವರ ಜೊತೆ ಸೇರಬಹುದಿತ್ತು. ಎರಡು ಮೀಟರ್ ಅಂತರ ಬೇಕಿರಲಿಲ್ಲ, ರಾತ್ರಿ ಉಳಿಯಬಹುದಿತ್ತು. ಆದರೆ ಆರಿಸಿಕೊಂಡ ಮನೆಯನ್ನು ಬದಲಾಯಿಸುವ ಹಾಗಿರಲಿಲ್ಲ.

ನನಗೆ ಸಿಕ್ಕಿದ್ದು ಭದ್ರಾವತಿ ಕಡೆಯ ಒಂದು ಸಂಸಾರ. ಅಲ್ಲಿಯವರೆಗೆ ಅವರು ಸಾರಿನ ಡಬ್ಬಿಯನ್ನು ಬಾಗಿಲ ಮುಂದಿಟ್ಟು ಹಿಂದೆ ಸರಿಯುತ್ತಿದ್ದರು. ನಾನು ಕಸದ ಬುಟ್ಟಿ ಪಕ್ಕದಲ್ಲೇ ನಿಂತು ಮಾತಾಡಿ ಬರುತ್ತಿದ್ದೆ. ಬಬಲ್ ಆದಮೇಲೆ ನೇರ ಅಡುಗೆಮನೆಗೆ ಹೋಗಿ, ಸೌಟು ಎಲ್ಲಿದೆ ಅಂತಲೂ ಕೇಳದೆ ಡ್ರಾಯರ್ ಎಳೆಯುವಷ್ಟು ಸಲಿಗೆ ಬಂತು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, “ಹಂಗಾರೆ ಅವರ ಮನೇಲಿ ನಿಂಗೆ ಹೊಕ್ಕುಬಳಕೆ ಆಯ್ತಲ್ಲ ಮಾರಾಯ” ಅಂದರು.

ಪತ್ರಿಕೆಯವರಾದರೆ ಬಬಲ್ ಅಂತಲೇ ಬಿಡುತ್ತಾರೆ, ಅದೇನೂ ತಪ್ಪಲ್ಲ. ‘ಗುಳ್ಳೆ’ ಅಂದರೆ ಮಾತ್ರ ಕೆಟ್ಟಿತು, ರೋಗದ ಮಾತಿನ ನಡುವೆ ಮೈಮೇಲೆ ಎದ್ದ ಗುಳ್ಳೆಯೇ ನೆನಪಾಗುತ್ತದೆ! ಹೊಕ್ಕುಬಳಕೆ ಚೆಂದ ಕೂರುತ್ತದೆ ಅಂತ ನನಗೆ ಅನ್ನಿಸುತ್ತದೆ. ಹೊಗುವುದೂ ಇದೆ, ಬಳಸುವುದೂ ಇದೆ.

ಆದರೆ ಎರಡು ತೊಡಕುಗಳಿವೆ. ನಮ್ಮ ಕಡೆ ಹೊಕ್ಕುಬಳಕೆ ಯಾರೋ ಅನುಮತಿ ಕೊಟ್ಟು ಶುರುವಾಗುವುದಲ್ಲ. ಗದ್ದೆಯ ಆಚೆ ಒಂದು, ತೋಟದ ಆಚೆ ಇನ್ನೊಂದು ಮನೆ ಇರುವ ಊರಲ್ಲಿ ಹೋಗುತ್ತಾ ಬರುತ್ತಾ ತಾನಾಗಿ ಬೆಳೆಯುತ್ತದೆ. ಒಂದೇ ಮನೆ ಅಂತ ಲೆಕ್ಕವೂ ಇಲ್ಲ. ಜಗಳ ಆದರೆ “ಮಾತುಕತೆ ಇದೆ, ಹೊಕ್ಕುಬಳಕೆ ಇಲ್ಲ” ಅನ್ನುತ್ತಾರೆ. ಲಾಕ್‌ಡೌನ್‌ನಲ್ಲಿ ಬಾಗಿಲಾಚೆ ನಿಂತು ಮಾತಾಡಿದ್ದಕ್ಕೆ ಈ ಮಾತು ಎಷ್ಟು ಸರಿಹೊಂದುತ್ತದೆ ನೋಡಿ.

ಇನ್ನೊಂದು ಸ್ವಲ್ಪ ಮುಜುಗರದ್ದು. ಹಳೇ ಮನೆಗಳಲ್ಲಿ ಯಾರು ಜಗಲಿಯವರೆಗೆ, ಯಾರು ನಡುಮನೆಯವರೆಗೆ, ಯಾರು ಅಡುಗೆಮನೆಯವರೆಗೆ ಅನ್ನುವುದು ಜಾತಿ ನೋಡಿ ತೀರ್ಮಾನ ಆಗುತ್ತಿತ್ತು. ಅಂಗಳದಲ್ಲೇ ನಿಲ್ಲಬೇಕಾಗಿದ್ದವರ ಮನೆಯಲ್ಲಿ ಈ ಪದ ಹೇಗೆ ಕೇಳಿಸುತ್ತಿತ್ತು? ಅಮ್ಮ ಅದನ್ನು ಪ್ರೀತಿಯಿಂದಲೇ ಹೇಳಿದ್ದು, ನನ್ನ ಕಿವಿಗೂ ಹಾಗೇ ಕೇಳಿಸಿತು. ಆದರೆ ನಮ್ಮಿಬ್ಬರ ಕಿವಿಯನ್ನೇ ನಂಬಿ ಬರೆದುಬಿಟ್ಟರೆ ಸಾಲದು, ಅಲ್ವಾ?

ಹಾಗಾಗಿ ಕೇಳುವುದು ಇಷ್ಟು. ನಿಮ್ಮ ಕಡೆ ಈ ಮಾತು ನೆಂಟರು, ಸ್ವಂತ ಜಾತಿಯವರಿಗೆ ಮಾತ್ರವಾ, ಅಥವಾ ಯಾವ ನೆರೆಮನೆಗಾದರೂ ಸಲ್ಲುತ್ತದಾ? ಘಟ್ಟದ ಕೆಳಗೆ, ಬಯಲುಸೀಮೆಯಲ್ಲಿ ಇದಕ್ಕೆ ಬೇರೆ ಮಾತು ಇದೆಯಾ? ನಿಘಂಟಿನ ಅರ್ಥಕ್ಕಿಂತ ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಒಂದು ಇಡೀ ವಾಕ್ಯ ಬರೆದು ಕಳಿಸಿದರೆ ಜಾಸ್ತಿ ಉಪಯೋಗ.