ಆಫೀಸಿಗೆ ಹೊಸ ಸಾಫ್ಟ್‌ವೇರ್ ಬರುತ್ತಿದೆ, ಹಿರಿಯರು ಒಪ್ಪುತ್ತಿಲ್ಲ. ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಅಕೌಂಟ್ಸ್ ವಿಭಾಗ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕು. ತಂಡದ ಜವಾಬ್ದಾರಿ ನನ್ನದು. ಹಿರಿಯರು ಮೀಟಿಂಗಿನಲ್ಲಿ ತಲೆಯಾಡಿಸುತ್ತಾರೆ, ಹೊರಗೆ ಬಂದು "ಇದೆಲ್ಲ ನಡೆಯೋದಲ್ಲ" ಅನ್ನುತ್ತಾರೆ. ಟ್ರೈನಿಂಗ್ ಮುಂದಿನ ತಿಂಗಳು. ಹೊಸದು ಶುರುವಾಗುವುದು ಅದಾಗಿ ಮೂರು ತಿಂಗಳಿಗೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಉತ್ತರ 1: ಮೊದಲು ಆ ಟ್ರೈನಿಂಗ್ ದಿನಾಂಕ ಬದಲಾಯಿಸಿ. ಕಲಿತು ಮೂರು ತಿಂಗಳು ಮುಟ್ಟದೇ ಇದ್ದರೆ ಯಾರಿಗೆ ನೆನಪಿರುತ್ತದೆ? ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಒಂದೆರಡು ದಿನದಲ್ಲೇ ಎಷ್ಟು ಜೋರಾಗಿರುತ್ತದೆ ಅಂತ 1885ರಲ್ಲೇ ತೋರಿಸಿದ್ದ. ಹೊಸದು ಶುರುವಾಗುವ ವಾರದ ಹಿಂದೆ ಮುಂದೆ ಕಲಿಸಿ. ಅದೂ ಮಾದರಿ ಲೆಕ್ಕ ಬೇಡ, ನಿಮ್ಮದೇ ಹಳೆಯ ಬಿಲ್ಲು, ವೋಚರ್ ಹಾಕಿ. ತಪ್ಪು ಮಾಡಿದರೂ ಏನೂ ಆಗದ ಒಂದು ಟ್ರಯಲ್ ಕಾಪಿ ಎಲ್ಲರಿಗೂ ಕೊಡಿಸಿ.

ಇನ್ನು ಹಿರಿಯರ ವಿಷಯ. ಇಷ್ಟು ವರ್ಷ ಏನೇ ಗೊಂದಲವಾದರೂ ಎಲ್ಲರೂ ಅವರ ಟೇಬಲ್ಲಿಗೇ ಬರುತ್ತಿದ್ದರು. ನಾಳೆ ಅವರೇ ಎದ್ದು ಕಿರಿಯರ ಟೇಬಲ್ಲಿಗೆ ಹೋಗಿ ಕೇಳಬೇಕು. ಇದು ಸಣ್ಣ ಮಾತಲ್ಲ. ನಾನು ಅವರನ್ನು ಕೂರಿಸಿಕೊಂಡು, ಮಾಮೂಲಿ ದಾರಿಯಲ್ಲಿ ಹೋಗದ ಕೇಸುಗಳನ್ನೆಲ್ಲ ಬರೆಸಿದೆ: ಅರ್ಧ ವಾಪಸ್ ಬಂದ ಸರಕು, ಎರಡು ಸಲ ಬಂದ ಪಾವತಿ, ವರ್ಷದ ಕೊನೆಯ ಹೊಂದಾಣಿಕೆ. ಹೊಸ ಸಾಫ್ಟ್‌ವೇರ್ ಎಡವುವುದು ಅಲ್ಲೇ. ಆ ಪಟ್ಟಿ ಹಿಡಿದು ಅವರೇ ಪರೀಕ್ಷೆ ಮಾಡಿದರು, ಕೆಲವು ಲೋಪಗಳನ್ನು ಹಿಡಿದೂ ಕೊಟ್ಟರು. ಗೊಣಗಾಟ ಪೂರ್ತಿ ನಿಲ್ಲಲಿಲ್ಲ ಬಿಡಿ. ಆದರೆ ಗೊಣಗಾಟದಲ್ಲಿ ಕೆಲಸಕ್ಕೆ ಬರುವ ಮಾತು ಜಾಸ್ತಿಯಾಯಿತು.

ಉತ್ತರ 2: ಮೇಲಿನ ಮಾತಿಗೆ ಒಂದು ಹಳೆಯ ಆಧಾರವಿದೆ. ಅಮೆರಿಕದ ವರ್ಜೀನಿಯಾದ ಒಂದು ಪೈಜಾಮಾ ಕಾರ್ಖಾನೆಯಲ್ಲಿ ನಡೆದ ಪ್ರಯೋಗದ ವರದಿ 1948ರಲ್ಲಿ ಬಂತು. ಕೆಲಸ ಮಾಡುವ ವಿಧಾನದಲ್ಲಿ ಬದಲಾವಣೆ ಬೇಕಿತ್ತು. ಒಂದು ಗುಂಪಿಗೆ ಸುಮ್ನೆ ತಿಳಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಕೆಲಸಗಾರರೆಲ್ಲರನ್ನೂ ಕೂರಿಸಿಕೊಂಡೇ ಹೊಸ ವಿಧಾನ ರೂಪಿಸಿದರು. ತಿಳಿಸಿದ ಗುಂಪಿನಲ್ಲಿ ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ, 40 ದಿನದೊಳಗೆ 17% ಜನ ಕೆಲಸ ಬಿಟ್ಟರು. ಕೂಡಿ ರೂಪಿಸಿದವರು ಬೇಗ ಚೇತರಿಸಿಕೊಂಡು ಮೊದಲಿಗಿಂತ ಹೆಚ್ಚೇ ಕೆಲಸ ಮಾಡಿದರು. ಹಾಗಂತ ಎಲ್ಲವನ್ನೂ ಚರ್ಚೆಗೆ ಬಿಡಬೇಡಿ. ಸಾಫ್ಟ್‌ವೇರ್ ಯಾವುದು ಅಂತ ಆಗಲೇ ತೀರ್ಮಾನವಾಗಿದ್ದರೆ ಅದನ್ನು ನೇರವಾಗಿ ಹೇಳಿ. ಯಾರು ಯಾವ ಕೆಲಸ ಮೊದಲು ಬದಲಾಯಿಸಬೇಕು ಎಂಬುದನ್ನು ಅವರಿಗೆ ಬಿಡಿ. ತೀರ್ಮಾನ ಮಾಡಿ ಮುಗಿಸಿ ಅಭಿಪ್ರಾಯ ಕೇಳುವ ನಾಟಕ ಎಲ್ಲರಿಗೂ ಗೊತ್ತಾಗುತ್ತದೆ.

ಉತ್ತರ 3: ನಾನು ಮ್ಯಾನೇಜರ್ ಅಲ್ಲ, ಇಂಥ ಬದಲಾವಣೆಯಲ್ಲಿ ಕಲಿಯುವವರ ಸಾಲಿನಲ್ಲಿದ್ದೆ. ನಮಗೆ ಸಾಫ್ಟ್‌ವೇರಿನ ಭಯ ಇರಲಿಲ್ಲ. ಕೆಲಸ ಉಳಿಯುತ್ತದಾ ಅನ್ನುವುದೇ ಭಯ. ಯಾರೂ ಆ ಮಾತೆತ್ತಲಿಲ್ಲ, ಹಾಗಾಗಿ ಕ್ಯಾಂಟೀನಿನಲ್ಲಿ ದಿನಕ್ಕೊಂದು ಕಥೆ. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ "ಇನ್ನೂ ತೀರ್ಮಾನವಾಗಿಲ್ಲ, ಇಂಥ ದಿನ ಹೇಳುತ್ತೇನೆ" ಅನ್ನಿ. ಆ ದಿನ ಹೇಳಲು ಏನೂ ಇಲ್ಲದಿದ್ದರೂ ಬಂದು ಅದನ್ನೇ ಹೇಳಿ.

ಉತ್ತರ 4: ಎರಡೇ ಸಣ್ಣ ವಿಷಯ. ಮೊದಲ ಕೆಲವು ವಾರ ಕೆಲಸ ನಿಧಾನವಾಗಿಯೇ ಆಗುತ್ತದೆ, ಆ ಅವಧಿಗೆ ಟಾರ್ಗೆಟ್ ಇಳಿಸುವುದಾಗಿ ಮೇಲಿನವರಿಂದ ಈಗಲೇ ಬರವಣಿಗೆಯಲ್ಲಿ ತಗೊಳ್ಳಿ. ಆಮೇಲೆ ಕೇಳಿದರೆ ಸಿಗಲ್ಲ. ಇನ್ನೊಂದು, ಉಳಿದವರಿಗೆ ಹೇಳಿಕೊಡಲು ಒಬ್ಬರನ್ನು ನೇಮಿಸುತ್ತೀರಲ್ಲ, ಬೇಗ ಕಲಿತವರೇ ಆಗಬೇಕಿಲ್ಲ, ಬೇಜಾರಿಲ್ಲದೆ ಮೂರನೇ ಸಲವೂ ಹೇಳಿಕೊಡುವವರನ್ನು ಹುಡುಕಿ. ಅವರ ಮಾಮೂಲಿ ಕೆಲಸದಲ್ಲಿ ಅರ್ಧ ಕಡಿಮೆ ಮಾಡಿ. ನಮ್ಮಲ್ಲಿ ಅದನ್ನು ಮಾಡದೆ, ಒಳ್ಳೆಯ ಹುಡುಗಿಯೊಬ್ಬಳು ರಾತ್ರಿವರೆಗೆ ಕೂತು ಸಾಕಾಗಿ ರಾಜೀನಾಮೆ ಕೊಟ್ಟಳು.