ಅಪ್‌ಡೇಟ್: ಏಳು ಲಕ್ಷದೊಳಗಿನ ಹಳೆಯ ಕಾರು ಕೊನೆಗೂ ಮನೆಗೆ ಬಂತು

ಅಪ್ಪ, ಅಮ್ಮ, ಇಬ್ಬರು ಮಕ್ಕಳನ್ನು ಕರೆದುಕೊಂಡು ಮೈಸೂರಿನಿಂದ ಸಾಗರಕ್ಕೆ ಹೋಗಿಬರಲು ಏಳು ಲಕ್ಷದೊಳಗೆ ಯಾವ ಹಳೆಯ ಕಾರು ಕೊಳ್ಳಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಮನಸೋತದ್ದು ಒಂದು ಡೀಸೆಲ್ ಕಾರಿಗೆ. ಮೀಟರಿನಲ್ಲಿ 42,000 ಕಿ.ಮೀ., ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಬೋಳಾಗಿತ್ತು, ಮೀಟರನ್ನೇ ನಂಬುವಂತಿರಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿದೆ. ಒಳತುದಿಯಲ್ಲಿ ಒಣಗಿದ ಕೆಸರಿನ ಗೆರೆ, ನೆರೆ ನೀರಿನಲ್ಲಿ ಮುಳುಗಿದ ಕಾರಿನ ಗುರುತು. ‘ಮಕ್ಕಳು ಚಹಾ ಚೆಲ್ಲಿದ್ದು’ ಎಂದರು ಮಾರುವವರು. ನಾಲ್ಕೂ ಬೆಲ್ಟಿಗೆ ಒಂದೇ ಎತ್ತರದಲ್ಲಿ ಚೆಲ್ಲುವ ಮಕ್ಕಳು ಜಾಣರೇ ಇರಬೇಕು! ಕೈಮುಗಿದು ಬಂದೆ.

ಕೊನೆಗೆ ಕೊಂಡದ್ದು 2017ರ ಪೆಟ್ರೋಲ್ ಎರ್ಟಿಗಾ, ಏಳು ಸೀಟಿನದು. ಬೆಳಿಗ್ಗೆ ಏಳಕ್ಕೇ ಮೆಕ್ಯಾನಿಕ್ ಜೊತೆ ಹೋಗಿದ್ದೆ. ಅವರು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು, ತಣ್ಣಗಿತ್ತು. ಆಮೇಲೆಯೇ ಕೀಲಿ ತಿರುಗಿಸಿದ್ದು; ಮೊದಲೇ ಬಿಸಿಯಾದ ಎಂಜಿನ್ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಡಬಹುದಂತೆ. ಟೈರಿನ ಮೇಲೆ 2317 ಎಂದಿತ್ತು, ಅಂದರೆ 2017ರ 23ನೇ ವಾರದ ತಯಾರಿ. ಟೈರು ಹಳೆಯದು, ಬದಲಿಸಬೇಕು ಎಂದು ಅದನ್ನೇ ತೋರಿಸಿ ಬೆಲೆಯಲ್ಲಿ ಹದಿನೆಂಟು ಸಾವಿರ ಇಳಿಸಿದೆ.

ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಆ ಹೆಸರು ತೆಗೆಸಲು ಬೇಕಾದ ಫಾರಂ 35 ಕೈಸೇರುವವರೆಗೆ ಪೂರ್ತಿ ಹಣ ಕೊಡಲಿಲ್ಲ. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿಯೂ ಅವು ಕೈಸೇರಿದ ದಿನವೇ ಆಯಿತು. ವಿಮೆಯ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಹಾಕಿದೆ. ನೋ ಕ್ಲೇಮ್ ಬೋನಸ್ (ವಿಮೆಯಿಂದ ಪರಿಹಾರ ಕೇಳದಿದ್ದರೆ ಕಂತಿನಲ್ಲಿ ಸಿಗುವ ರಿಯಾಯಿತಿ) ಹಳೆಯ ಮಾಲೀಕರಿಗೇ ಸೇರುವುದರಿಂದ ವ್ಯತ್ಯಾಸದ ಹಣ ನಾನೇ ಕಟ್ಟಬೇಕಾಯಿತು. ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿಂದಿನ ಸಾಲಿನ ಸೀಟಿಗಾಗಿ ಮಕ್ಕಳ ಜಗಳ ಶುರುವಾಗಿದೆ. ಬರುವ ಶನಿವಾರ ಸಾಗರಕ್ಕೆ ಹೊರಡುತ್ತೇವೆ.