ಅಕೇಶಿಯಾ ರೆಂಬೆಯಿಂದ ತೆಗೆದ ಎಣ್ಣೆ ಡೀಸೆಲ್ ಜೊತೆ ಬೆರೆಯುತ್ತಿಲ್ಲ, ಮೂರು ಪದರ ಆಗುತ್ತಿದೆ

ಕಾನುಮನೆ:
ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ. ತೋಟದ ಅಂಚಿನ ಅಕೇಶಿಯಾ ಕಡಿಸಿದೆ. ದಿಮ್ಮಿ ಮಾರಾಟವಾಯಿತು, ರೆಂಬೆ, ಸಿಪ್ಪೆ, ದರಕು (ಉದುರಿದ ಒಣ ಎಲೆ) ರಾಶಿ ಬಿದ್ದಿದೆ. ಸುಮ್ನೆ ಸುಡುವುದೇಕೆ ಅಂತ ಎಣ್ಣೆ ತೆಗೆಯಲು ಹೊರಟೆ. ಫಿನ್ಲೆಂಡಿನಲ್ಲಿ ಮರದಿಂದ ಡೀಸೆಲ್ ಮಾಡುವ ವಿಡಿಯೋ ನೋಡಿದ್ದೇ ಇದಕ್ಕೆಲ್ಲ ಮೂಲ.

60 ಲೀಟರಿನ ಕಬ್ಬಿಣದ ಡ್ರಮ್ಮಿಗೆ 12 ಕೆಜಿ ತುಂಬಿ, ಮುಚ್ಚಳ ಬಿಗಿದು, ಅಡಿಯಲ್ಲಿ ಬೆಂಕಿ ಹಾಕಿದೆ. ಹೊಗೆ ತಾಮ್ರದ ಸುರುಳಿಯಲ್ಲಿ ತಣಿದು ಕ್ಯಾನಿಗೆ ಇಳಿಯುತ್ತದೆ. ಕ್ಯಾನಿನಿಂದ ಹೊರಡುವ ಪೈಪಿನ ತುದಿ ನೀರಿನ ಬಕೆಟ್ಟಿನಲ್ಲಿ ಮುಳುಗಿದೆ. ನಾಲ್ಕು ತಾಸಿಗೆ ಐದೂವರೆ ಲೀಟರ್ ಬಂತು. ಮೇಲೆ ಚಹಾ ಡಿಕಾಕ್ಷನ್ ಬಣ್ಣದ ತೆಳು ಎಣ್ಣೆ, ತಳದಲ್ಲಿ ಡಾಂಬರಿನಂಥ ಗಸಿ. ತೆಳುವಾದದ್ದನ್ನು ಅರ್ಧಕ್ಕರ್ಧ ಡೀಸೆಲ್‌ಗೆ ಬೆರೆಸಿದೆ. ಬಾಟಲಿಯಲ್ಲಿ ಗಲಗಲ ಅಲ್ಲಾಡಿಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮೂರು ಪದರ. ಮೇಲಿನ ಪದರ ಬಗ್ಗಿಸಿ ಪಂಪ್‌ಸೆಟ್ಟಿಗೆ ಹಾಕಿದೆ. ಹತ್ತು ನಿಮಿಷ ಚೆನ್ನಾಗಿಯೇ ಓಡಿತು! ಆಮೇಲೆ ಕೆಮ್ಮಿ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಕಪ್ಪು ಅಂಟು. ಬೆರೆಯುವಂತೆ ಮಾಡಲು ಏನಾದರೂ ಹಾಕಬೇಕಾ?

ಕುಲುಮೆ:
ಅಣ್ಣಾ, ಬೆರೆಸುವುದು ಆಮೇಲೆ. ಮೊದಲು ಆ ಬಕೆಟ್ ತೆಗೀರಿ. ಬೆಂಕಿ ಆರಿ ಡ್ರಮ್ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬಕೆಟ್ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಂಡದ ಮೇಲೆ ನೀರು ಬಿದ್ದರೆ ಗೊತ್ತಲ್ವಾ? ನೀರು ಮುಗಿದು ಗಾಳಿ ಹೊಕ್ಕರೆ ಇನ್ನೂ ಕಷ್ಟ, ಒಳಗಿರುವುದು ಉರಿಯುವ ಗ್ಯಾಸು. ಪೈಪು ಎಷ್ಟು ಇಂಚಿನದು?

ಕಾನುಮನೆ:
ಅರ್ಧ ಇಂಚು. ಎರಡು ಬೆಂಡ್ ಇದೆ. ಒಂದು ಬೆಂಡು ಈಗಾಗಲೇ ಮುಕ್ಕಾಲು ಕಟ್ಟಿಕೊಂಡಿದೆ, ಅದನ್ನೂ ಕೇಳಬೇಕು ಅಂತಿದ್ದೆ.

ಕುಲುಮೆ:
ಅಯ್ಯೋ ಮಾರಾಯ್ರೇ. ಬಿಗಿದ ಡ್ರಮ್ಮು, ಕಟ್ಟಿದ ಪೈಪು, ಕೆಳಗೆ ಬೆಂಕಿ. ಅದು ಬಾಂಬು. ಎರಡು ಇಂಚಿನ ಪೈಪ್ ಹಾಕಿ, ಕ್ಯಾನ್ ಕಡೆಗೆ ಇಳಿಜಾರು ಕೊಡಿ. ಬೆಂಡ್ ಇರುವಲ್ಲೆಲ್ಲ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ, ಒಂದು ಬಾಯಿಗೆ ಮುಚ್ಚಳ ಕೊಡಿ. ಮುಚ್ಚಳ ಬಿಚ್ಚಿ ಸರಳು ತೂರಿಸಿದರೆ ಟಾರು ಹೊರಗೆ. ಡ್ರಮ್ಮಿನ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿಯಬೇಡಿ, ಮೇಲೊಂದು ಕಲ್ಲು ಹೇರಿ ಸಾಕು. ಒತ್ತಡ ಜಾಸ್ತಿ ಆದರೆ ತಾನೇ ಎದ್ದುಕೊಳ್ಳುತ್ತದೆ.

ಹಿಮದೂರು:
ನಾನು ಫಿನ್ಲೆಂಡಿನಲ್ಲೇ ಇರುವವನು, ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ಕಾನುಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ಪಂಪ್ ಹತ್ತು ನಿಮಿಷ ಓಡಿದ್ದು ನಿಮ್ಮ ಎಣ್ಣೆಯಿಂದ ಅಲ್ಲ. ಮೇಲೆ ತೇಲಿದ್ದು ನೀವು ಹಾಕಿದ ಡೀಸೆಲ್ಲೇ. ಅದು ಹಗುರ, ಲೀಟರಿಗೆ ಸುಮಾರು 830 ಗ್ರಾಂ. ಮಧ್ಯದ್ದು ಹುಳಿ ನೀರು, ತಳದ್ದು ಟಾರು. ಡೀಸೆಲ್ ಜೊತೆ ಬಂದ ಒಂದಿಷ್ಟು ಟಾರು ಫಿಲ್ಟರ್ ಹಿಡಿಯಿತು.

ಡಿಕಾಕ್ಷನ್ ಬಣ್ಣದ್ದು ಎಣ್ಣೆ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿ. ಹಳೇ ಕಾವಲಿ ಕಾಯಿಸಿ ಒಂದು ಚಮಚ ಹಾಕಿ. ದೋಸೆ ಕಾವಲಿ ಬೇಡ, ಮನೆಯಲ್ಲಿ ಬೈಸಿಕೊಳ್ಳುತ್ತೀರಿ. ಚುರ್ ಅಂದು ಆವಿ ಹೋಗುತ್ತದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಕೊನೆಗೆ ಕಂದು ಕಲೆ ಉಳಿಯುತ್ತದೆ. ಅದು ಬಹುಪಾಲು ನೀರು. ಜೊತೆಗೆ ಅಸಿಟಿಕ್ ಆಮ್ಲ, ಸ್ವಲ್ಪ ಮೆಥನಾಲ್. ಮೂರನೆಯ ಪದರ ಬಿಟ್ಟರೆ ಉರಿಯುವ ಸರಕು ಕಡಿಮೆ. ನೀರು ಎಲ್ಲಿಂದ ಅಂತೀರಾ? ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಪೂರ್ತಿ ಒಣಗಿಸಿದರೂ ಮರ ಕಾದು ಒಡೆಯುವಾಗ ಹೊಸದಾಗಿ ನೀರು ಹುಟ್ಟುತ್ತದೆ.

ಇನ್ನು ನೀವು ಮಾಡಿದ್ದು ನಿಧಾನದ ಪೈರೋಲಿಸಿಸ್, ಅಂದರೆ ಗಾಳಿ ಕೊಡದೆ ಕಾಯಿಸಿ ಒಡೆಯುವುದು. ನಮ್ಮ ಇದ್ದಿಲು ಗುಂಡಿಯ ತಮ್ಮ ಅನ್ನಿ. ಅದರಲ್ಲಿ ಇದ್ದಿಲು, ಗ್ಯಾಸು, ದ್ರವ ಮೂರೂ ಹೆಚ್ಚುಕಡಿಮೆ ಸಮಪಾಲು. ದ್ರವವೇ ಜಾಸ್ತಿ ಬೇಕಾದರೆ ಆಟ ಬೇರೆ. ಇಲ್ಲಿ ಯೊಯೆನ್ಸು ಅನ್ನೋ ಊರಿನಲ್ಲಿ 2013ರಲ್ಲಿ ಒಂದು ಘಟಕ ಶುರುವಾಯಿತು. ವರ್ಷಕ್ಕೆ 50,000 ಟನ್ ದ್ರವ ತೆಗೆಯುವ ಲೆಕ್ಕದ್ದು. ಕಾಡಿನ ಉಳಿಕೆ ಮತ್ತು ಗರಗಸದ ಹೊಟ್ಟನ್ನು ಒಣಗಿಸಿ, ಪುಡಿ ಮಾಡಿ, ಬಿಸಿ ಮರಳಿನಲ್ಲಿ ಕ್ಷಣಮಾತ್ರ ಹುರಿದ ಹಾಗೆ. 500 ಡಿಗ್ರಿ ಹತ್ತಿರ ಆವಿ ಎರಡು ಸೆಕೆಂಡಿನೊಳಗೆ ಹೊರಬಂದು ತಣಿಯಬೇಕು. ನಿಮ್ಮ ಡ್ರಮ್ಮಿನಲ್ಲಿ ಆವಿ ಬಿಸಿ ಇದ್ದಿಲ ಮೇಲೆ ನಿಂತು ನಿಂತು ಇನ್ನಷ್ಟು ಒಡೆದು, ನೀರು, ಗ್ಯಾಸು, ಇದ್ದಿಲಾಗುತ್ತದೆ. ದರಕು, ಸಿಪ್ಪೆ ಸೇರಿಸಿದ್ದೂ ತಪ್ಪು. ಅದರಲ್ಲಿ ಬೂದಿ ಜಾಸ್ತಿ. ಬೂದಿಯ ಪೊಟ್ಯಾಸಿಯಂ ಒಡೆಯುವುದನ್ನು ಜೋರು ಮಾಡುತ್ತದೆ.

ಅಷ್ಟೆಲ್ಲ ಮಾಡಿದರೂ ಬರುವುದು ಡೀಸೆಲ್ ಅಲ್ಲ. ಕಾಲು ಭಾಗ ನೀರು, ಪಿಎಚ್ 2ರಿಂದ 3 ಅಂದರೆ ಕಡು ಹುಳಿ, ಸುಟ್ಟರೆ ಸಿಗುವ ಶಾಖ ಕೆಜಿಗೆ 16ರಿಂದ 19 ಮೆಗಾಜೂಲ್. ಡೀಸೆಲ್‌ನಲ್ಲಿ 43 ಹತ್ತಿರ. ಇಟ್ಟಷ್ಟೂ ಗಟ್ಟಿಯಾಗುತ್ತದೆ, ಕಾಯಿಸಿದರೆ ಬೇಗ. ಅದನ್ನು ಬಾಯ್ಲರಿನಲ್ಲಿ ಸುಡುತ್ತಾರೆ. ವಾಹನಕ್ಕೆ ಬೇಕಾದರೆ ರಿಫೈನರಿಗೆ ಕೊಟ್ಟು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಆಮ್ಲಜನಕ ತೆಗೆಯಬೇಕು. ಸ್ವೀಡನ್ನಿನ ಯೇವ್ಲೆಯಲ್ಲಿ ಗರಗಸದ ಹೊಟ್ಟಿನಿಂದ ಮಾಡಿದ ಎಣ್ಣೆ 2021ರಲ್ಲಿ ಲೀಸೆಶಿಲ್ ರಿಫೈನರಿಗೆ ಹೋಗಲು ಶುರುವಾಯಿತು. ನೀವು ನೋಡಿದ ವಿಡಿಯೋ ಬಹುಶಃ ಲಾಪ್ಪೇನ್‌ರಾಂತಾ ಊರಿನದು. ಅಲ್ಲಿ 2015ರಿಂದ ಮರದ ಡೀಸೆಲ್ ತಯಾರಾಗುತ್ತಿದೆ, ಆದರೆ ಕಾಗದದ ಪಲ್ಪ್ ಬೇಯಿಸುವಾಗ ಬರುವ ಟಾಲ್ ಎಣ್ಣೆಯಿಂದ. ರೆಂಬೆಯಿಂದಲ್ಲ.

ಕಾನುಮನೆ:
ಕಾವಲಿ ಪರೀಕ್ಷೆ ಮಾಡಿದೆ. ಚುರ್ರೇ. ಅಕೇಶಿಯಾ ಕಾಫಿ ಮಾಡಿದ ಹಾಗಾಯ್ತು ನನ್ನ ಕಥೆ. ಪಂಪಿಗೆ ಈಗ ಏನು ಮಾಡಲಿ? ಸುರುಳಿ ಹಸಿರಾಗಿದೆ, ಡ್ರಮ್ಮಿನ ಬಾಯಿ ಕರ್ರಗಾಗಿದೆ.

ಕುಲುಮೆ:
ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಹೊಸದು, ಶುದ್ಧ ಡೀಸೆಲ್‌ನಲ್ಲಿ ಲೈನ್ ತೊಳೆಯಿರಿ. ನಾಝಲ್ ಬಿಚ್ಚಿ ತೋರಿಸಿ. ತಡ ಮಾಡಬೇಡಿ, ಹುಳಿ ನೀರು ಕಬ್ಬಿಣ ತಿನ್ನುತ್ತದೆ. ಸುರುಳಿಗೆ ಸ್ಟೀಲು, ಕ್ಯಾನಿಗೆ ಪ್ಲಾಸ್ಟಿಕ್ಕು.

ಪಂಪೇ ಓಡಿಸಬೇಕಾದರೆ ಸೌದೆಯಿಂದ ಗ್ಯಾಸ್ ತೆಗೆಯುವ ಗ್ಯಾಸಿಫೈಯರ್ ನೋಡಿ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆ ಗ್ಯಾಸಿನಿಂದ ಡೀಸೆಲ್ ಇಂಜಿನ್ ಓಡಿಸಿ ಊರಿಗೆ ಕರೆಂಟ್ ಕೊಟ್ಟಿದ್ದರು. ಡೀಸೆಲ್ ಸ್ವಲ್ಪ ಬೇಕು, ಬಹುಪಾಲು ಗ್ಯಾಸು. ಆದರೆ ಆ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಕೊಟ್ಟಿಗೆಯೊಳಗೆ ಕೂತು ಮಾಡುವ ಕೆಲಸ ಅಲ್ಲ.

ಹಿಮದೂರು:
ಡ್ರಮ್ ಇಟ್ಟುಕೊಂಡೇ ಇದ್ದರೆ, ತಣಿಯದೆ ಉಳಿಯುವ ಗ್ಯಾಸನ್ನು ಡ್ರಮ್ಮಿನ ಅಡಿಗೇ ತಿರುಗಿಸಿ. ಕಾಯಿಸುವ ಕೆಲಸ ಅರ್ಧಕ್ಕೆ ಬಂದ ಮೇಲೆ ಸೌದೆ ಉಳಿಯುತ್ತದೆ. ರೆಂಬೆಯನ್ನು ಒಣಗಿಸಿ, ತೇವ ನೂರಕ್ಕೆ ಹತ್ತಕ್ಕಿಂತ ಕೆಳಗೆ ಇಳಿಯಲಿ.

ಕಾನುಮನೆ: (ಮೂರು ವಾರದ ನಂತರ)
ಅಡಕೆ ಡ್ರೈಯರ್ ಖಾಲಿ ಇತ್ತು, ರೆಂಬೆ ಅದರಲ್ಲೇ ಒಣಗಿಸಿದೆ. ದರಕು ಅಡಕೆ ಬುಡಕ್ಕೆ ಹಾಕಿಸಿದೆ. 10 ಕೆಜಿಗೆ 3 ಕೆಜಿ ಇದ್ದಿಲು, ಮೂರೂವರೆ ಲೀಟರ್ ದ್ರವ, ಅದರಲ್ಲಿ ಟಾರು ಅರ್ಧ ಲೀಟರ್ ಇದ್ದೀತು. ಗ್ಯಾಸ್ ಅಡಿಗೆ ತಿರುಗಿಸಿದ ಮೇಲೆ ಒಂದು ತಾಸು ಸೌದೆಯೇ ಹಾಕಲಿಲ್ಲ, ನೀಲಿ ಜ್ವಾಲೆ ಭುಸುಗುಡುತ್ತಿತ್ತು. ಪಂಪು ಸರಿಯಾಯ್ತು. ನಾಝಲ್ ಹೊಸದು ಹಾಕಬೇಕಾಯ್ತು. ಟಾರನ್ನು ಬೇಲಿ ಗೂಟಗಳ ಬುಡಕ್ಕೆ ಬಳಿದೆ, ಗೆದ್ದಲು ಬರುತ್ತದಾ ನೋಡಬೇಕು.

ಹಿಮದೂರು:
ಕೈಗವಸು ಹಾಕಿಯೇ ಬಳಿಯಿರಿ, ಟಾರು ಚರ್ಮಕ್ಕೆ ಒಳ್ಳೆಯದಲ್ಲ. ಇಲ್ಲಿನವರು ಹಿಂದೆ ಪೈನ್ ಟಾರನ್ನು ದೋಣಿಗೆ ಬಳಿಯುತ್ತಿದ್ದರು, ಔಲು ಬಂದರಿನಿಂದ ಪೀಪಾಯಿಗಟ್ಟಲೆ ಹಡಗು ಹತ್ತಿಸುತ್ತಿದ್ದರು. ಹುಳಿ ನೀರನ್ನು ಮಾತ್ರ ಬಾವಿ ಹತ್ತಿರ ಚೆಲ್ಲಬೇಡಿ.

ಕಾನುಮನೆ:
ಕ್ಯಾನಿನಲ್ಲೇ ಇದೆ. ಕುಲುಮೆಯವರೇ, ಟೀ ಮುಚ್ಚಳದಲ್ಲಿ ಹೊಗೆ ಸೋರುತ್ತಿದೆ. ರಬ್ಬರ್ ವಾಷರ್ ಹಾಕಿದ್ದೆ, ಕರಗಿ ಹೋಯ್ತು.

ಕುಲುಮೆ:
ಆ ಬಿಸಿಗೆ ರಬ್ಬರ್ ನಿಲ್ಲುತ್ತದಾ? ಜೇಡಿಮಣ್ಣಿಗೆ ಒಂದಿಷ್ಟು ಬೂದಿ ಕಲಸಿ ಮೆತ್ತಿ. ಪ್ರತಿ ಸಲ ಒಡೆದು ಮತ್ತೆ ಮೆತ್ತಬೇಕು, ಅಷ್ಟೇ ಖರ್ಚು.